ಬಂಡಿ ಮೇಲಿನ ದೋಣಿ

ಕರ್ನಲ್ ಜೆಬ್ಯುಲನ್ ಸ್ಟ್ರೌಡ್ ಯಾವ ಸೈನ್ಯದಲ್ಲೂ ಒಂದು ದಿನ ಕೂಡ ಇದ್ದವನಲ್ಲ. ಮಿಸೌರಿಯಿಂದ ಎಂಟುನೂರು ದನ ಹೊಡೆದುಕೊಂಡು ಆರೆಗಾನಿನ ಪೂರ್ವದ ಒಣಸೀಮೆಗೆ ಬಂದಾಗ ಅವನು ಬರೀ ಜೆಬ್. ದನ ಎಂಟು ಸಾವಿರವಾದಾಗ ಮಿಸ್ಟರ್ ಸ್ಟ್ರೌಡ್ ಆದ. ಮೂವತ್ತು ಸಾವಿರ ದಾಟಿದ ಮೇಲೆ ಕರ್ನಲ್ ಆದ. ಈ ಪದವಿ ಯಾರು ಕೊಟ್ಟಿದ್ದು ಅಂತ ಕೇಳಿದವರಿಗೆ ಟೂಲಿ ಕಣಿವೆಯಲ್ಲಿ ಕೆಲಸ ಸಿಗುತ್ತಿರಲಿಲ್ಲ.

ಓಬೆಡ್ ಕ್ವಿಲ್ ಕೇಳಲಿಲ್ಲ. ಆದ್ದರಿಂದ ಹದಿನೇಳು ವರ್ಷ ಅವನ ಬಂಡಿ ಹೊಡೆದ.

ಅವರಿಬ್ಬರೂ ಮೊದಲು ಭೇಟಿಯಾದದ್ದು 1870ರ ಬೇಸಿಗೆಯಲ್ಲಿ, ಕುದುರೆಗಾಡಿಗಳು ನಿಲ್ಲುವ ಒಂದು ಕಟ್ಟೆಯ ಹತ್ತಿರ. ಅಲ್ಲಿನ ಬಾವಿ ಬತ್ತಿತ್ತು. ಓಬೆಡ್ ತನ್ನ ತಿತ್ತಿಯಲ್ಲಿದ್ದ ನೀರನ್ನು ಹ್ಯಾಟಿಗೆ ಸುರಿದು ತನ್ನ ಹೇಸರಗತ್ತೆಗೆ ಹಿಡಿದಿದ್ದ. ಕುದುರೆ ಮೇಲಿದ್ದ ಉದ್ದನೆಯ ಆಸಾಮಿ ಅದನ್ನೇ ನೋಡುತ್ತ ನಿಂತ.

"ಲೇ, ಹ್ಯಾಟು ಹಾಳಾಗಲ್ವೇನೋ?"

"ಹ್ಯಾಟಿಗೆ ಬಾಯಾರಿಕೆ ಆಗಿಲ್ಲ ಸ್ವಾಮಿ. ಇದಕ್ಕಾಗಿದೆ."

"ನೀನು ಕುಡಿದ್ಯಾ?"

"ಇದು ಮುಗಿಸಲಿ."

"ನಾಳೆಯಿಂದ ನನ್ನ ಬಂಡಿ ಹೊಡಿ" ಅಂದ ಸ್ಟ್ರೌಡ್.

ಸ್ಟ್ರೌಡ್‌ನ ಬಿಡಾರದಲ್ಲಿ ಇದ್ದದ್ದು ಒಂದೇ ಕಾನೂನು. ಪ್ರಾಣಿ ಮೇದು ಕುಡಿದ ಮೇಲೆ ಮನುಷ್ಯ ಉಂಡು ಕುಡಿಯಬೇಕು. ತನ್ನ ಸ್ವಂತ ಭಾವಮೈದುನ ಕುದುರೆಗಿಂತ ಮೊದಲು ತೊರೆಗೆ ಬಾಯಿ ಹಾಕಿದ ಅಂತ ಅಲ್ಲೇ ಸಂಬಳದ ಲೆಕ್ಕ ಮುಗಿಸಿ ಕಾಲ್ನಡಿಗೆಯಲ್ಲೇ ಊರಿಗೆ ಕಳಿಸಿದ್ದ. ಉಳಿದ ಕಾನೂನೆಲ್ಲ ಅವನ ಪಾಲಿಗೆ ಬೇಲಿಯ ತಂತಿ ಇದ್ದಂತೆ. ಎಲ್ಲಿ ಸಡಿಲ ಇದೆ ಅಂತ ನೋಡಿ ನುಗ್ಗುವುದಕ್ಕೆ ಇರುವಂಥದ್ದು.

ಕೂತಲ್ಲಿ ಕೂರುವ ಜಾತಿಯಲ್ಲ ಅವನದು. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುತ್ತಿದ್ದ. ಬೀನ್ಸ್ ಕಾಳಿನ ತಟ್ಟೆಯನ್ನು ಜೀನಿನ ಮೇಲಿಟ್ಟುಕೊಂಡು ನಿಂತೇ ಉಣ್ಣುತ್ತಿದ್ದ. ರಾಜ್ಯದ ಸೆನೆಟಿಗೆ ಆರಿಸಿ ಬಂದು ರಾಜಧಾನಿ ಸೇಲಂಗೆ ಹೋದಾಗಲೂ ಸಭೆ ನಡೆಯುವಷ್ಟು ಹೊತ್ತು ಗೋಡೆ ಪಕ್ಕ ಶತಪಥ ತಿರುಗುತ್ತಿದ್ದನಂತೆ. ಮುಂದಿನ ಸಾಲಿನವರು ಕತ್ತು ತಿರುಗಿಸಿ ತಿರುಗಿಸಿ ಸಾಕಾಗಿ, ಅವನು ಕೇಳಿದ ರಸ್ತೆಗೆ ಮತ ಹಾಕಿಬಿಟ್ಟರಂತೆ, ಒಮ್ಮೆ ಹೋದರೆ ಸಾಕು ಅಂತ.

ಅವನ ಹಗರಣಗಳು ಸೀಮೆಗೆಲ್ಲ ಬಾಯಿಪಾಠ. ಕೌಂಟಿ ಕಚೇರಿಯ ದಫ್ತರದ ಪುಸ್ತಕಗಳ ಪೆಟ್ಟಿಗೆಯನ್ನು ಹಾಡಹಗಲೇ ಹುಲ್ಲಿನ ಬಂಡಿಯಲ್ಲಿ ಮುಚ್ಚಿ ತನ್ನ ಡ್ರೈ ಫೋರ್ಕ್ ಊರಿಗೆ ಸಾಗಿಸಿ, "ಪುಸ್ತಕ ಎಲ್ಲಿದೆಯೋ ಕೌಂಟಿ ಅಲ್ಲಿದೆ" ಎಂದು ಸಾರಿದ್ದ. ಆ ಹುಲ್ಲಿನ ಬಂಡಿ ಹೊಡೆದವನು ಓಬೆಡ್. ಒಂದು ಚುನಾವಣೆಯಲ್ಲಿ ಹನ್ನೊಂದು ಮತದಾರರ ಹೆಸರು ಯಾರಿಗೂ ಗುರುತು ಸಿಗಲಿಲ್ಲ. ಡೀಕನ್ ಹಾಜ್, ಡಾಕ್ಟರ್ ಮೆರಿವೆದರ್, ಹೀಗೆ. ಆಮೇಲೆ ನೋಡಿದರೆ ಅವೆಲ್ಲ ಕರ್ನಲ್ಲನ ಬೀಜದ ಹೋರಿಗಳು. ಇನ್ನೊಮ್ಮೆ ಮಿಸೌರಿಯಿಂದ ಒಬ್ಬ ಹೆಂಗಸು ಬಂದಿಳಿದು "ಮಿಸೆಸ್ ಸ್ಟ್ರೌಡ್ ನಾನು" ಅಂದಳು. ಬಾಗಿಲು ತೆಗೆದವಳೂ "ನಾನೂ" ಅಂದಳು. ಕರ್ನಲ್ ಹಿಂಬಾಗಿಲಿಂದ ಕುದುರೆ ಹತ್ತಿ ನಲವತ್ತು ದಿನ ದನದ ಜೊತೆ ಬೆಟ್ಟದಲ್ಲಿದ್ದ. ಅವನು ಇಳಿದು ಬರುವಷ್ಟರಲ್ಲಿ ಇಬ್ಬರು ಹೆಂಗಸರೂ ಅವನನ್ನು ಬೈಯುತ್ತ ಬೈಯುತ್ತ ಗೆಳತಿಯರಾಗಿ, ಒಟ್ಟಿಗೆ ಸ್ಯಾಕ್ರಮೆಂಟೋಗೆ ಹೋಗಿದ್ದರು.

ಪೇಪರಿನವರು ಇದನ್ನೆಲ್ಲ ಬರೆದರು. ಕರ್ನಲ್ ಆ ಪೇಪರನ್ನು ನೂರಾರು ತರಿಸಿ ಹಂಚಿದ. "ಕಳ್ಳ ಅಂದ್ರೆ ಅನ್ಲಿ ಕಣೋ. ಕಳ್ಳನಿಗೆ ಕೆಲಸ ಗೊತ್ತಿರುತ್ತೆ ಅಂತ ಜನ ಓಟು ಹಾಕ್ತಾರೆ." ಆದರೆ ಅದೇ ಪೇಪರು ಒಂದು ಸಲ, ಮೂಲೆಯಲ್ಲಿ ಎರಡು ಸಾಲು, ಸ್ಟ್ರೌಡ್‌ನ ದನ ಈ ವರ್ಷ ಬಡಕಲಾಗಿವೆ ಎಂದು ಬರೆಯಿತು. ಅವತ್ತು ಕರ್ನಲ್ ಅರವತ್ತು ಮೈಲಿ ಕುದುರೆ ಓಡಿಸಿಕೊಂಡು ಹೋಗಿ, ಅಚ್ಚಿನ ಮೊಳೆಗಳನ್ನೆಲ್ಲ ಚೀಲಕ್ಕೆ ತುಂಬಿ ನದಿಗೆ ಸುರಿದು ಬಂದ. ದಾರಿಯಲ್ಲಿ ಕುದುರೆಗೆ ಆರು ಕಡೆ ನೀರು ಕುಡಿಸಿದ್ದ.

ದೋಣಿಯ ವಿಷಯ ಮಾತ್ರ ಯಾವ ಪೇಪರಿಗೂ ಗೊತ್ತಿರಲಿಲ್ಲ.

ಟೂಲಿ ಕಣಿವೆಯ ನಡುವೆ ಅರವತ್ತು ಸಾವಿರ ಎಕರೆ ಹುಲ್ಲುಗಾವಲು. ಅದರಲ್ಲಿ ಮೂಲನಿವಾಸಿಗಳಾದ ಪಾಯೂಟ್ ಜನ ಎಷ್ಟೋ ತಲೆಮಾರು ಕಾಳು ಆಯ್ದು ಬದುಕಿದ್ದರು. ಅವರನ್ನು ಸಿಪಾಯಿಗಳು ಓಡಿಸಿದರು. ಅವರಿಂದ ಯಾರೂ ಯಾವ ಪ್ರಮಾಣವನ್ನೂ ಕೇಳಲಿಲ್ಲ. ಆಮೇಲೆ ಆ ನೆಲ ಯಾರದು ಅಂತ ಜಗಳ. ಬಡವ ಬಂದು ಐದು ವರ್ಷ ಉಳುಮೆ ಮಾಡಿದರೆ ನೂರರವತ್ತು ಎಕರೆ ಸಿಗುತ್ತಿತ್ತು. ಆದರೆ ನೆಲ ಜೌಗು ಎಂದು ತೋರಿಸಿದರೆ ಉಳುವುದೇ ಬೇಡ, ಕಡಲೆಕಾಯಿ ಬೆಲೆಗೆ ಎಷ್ಟು ಬೇಕಾದರೂ ಕೊಳ್ಳಬಹುದಿತ್ತು. ಜೌಗು ಎಂದು ಹೇಗೆ ತೋರಿಸುವುದು? "ಈ ನೆಲವನ್ನು ನಾನು ದೋಣಿಯಲ್ಲಿ ಕೂತು ದಾಟಿದ್ದೇನೆ" ಎಂದು ಬೈಬಲ್ ಮುಟ್ಟಿ ಹೇಳಿ, ಕಂಡವನೊಬ್ಬನ ರುಜು ಹಾಕಿಸಿದರೆ ಮುಗಿಯಿತು.

1878ರ ಆಗಸ್ಟ್. ಹುಲ್ಲು ಕಂದಿ, ನೆಲ ಬಿರಿದು, ಸವಳು ದೂಳು ಮೊಣಕಾಲುದ್ದ ಏಳುತ್ತಿತ್ತು. ಕರ್ನಲ್ ದೂರದ ಸರೋವರದ ಮೀನುಗಾರನಿಂದ ಒಂದು ದೋಣಿ ತರಿಸಿದ. ಓಬೆಡ್ ಅದನ್ನು ಬಂಡಿಯ ಮೇಲೆ ಹಗ್ಗ ಹಾಕಿ ಬಿಗಿದ. ನಾಲ್ಕು ಹೇಸರಗತ್ತೆ ಹೂಡಿದ. ಕರ್ನಲ್ ಹತ್ತಿ ದೋಣಿಯಲ್ಲಿ ಕೂತ. ಹದಿನೇಳು ವರ್ಷದಲ್ಲಿ ಅವನು ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ಓಬೆಡ್ ಕಂಡದ್ದು ಅದೊಂದೇ ಸಲ. ಕೈಯಲ್ಲಿ ಹುಟ್ಟು ಬೇರೆ.

"ಹುಟ್ಟು ಯಾಕೆ ಕರ್ನಲ್?"

"ಪ್ರಮಾಣ ಮಾಡೋನು ನಾನು. ಸುಳ್ಳು ಹೇಳಬಾರದು ನೋಡು."

ಪೂರ್ವದ ಅಂಚಿನಿಂದ ಪಶ್ಚಿಮದ ಒರತೆಯವರೆಗೆ ಹದಿನೆಂಟು ಮೈಲಿ. ಅಲ್ಲಿ ಒರತೆಯ ಪಕ್ಕದಲ್ಲಿ ಓಬೆಡ್ ಕಾಗದಕ್ಕೆ ರುಜು ಹಾಕಿದ. ಕರ್ನಲ್ ದೋಣಿಯಿಂದ ಹಾರಿ ಇಳಿದು ಮೈ ಕೊಡವಿ, "ಈ ಒರತೆ ಪಕ್ಕದ ನೂರರವತ್ತು ಎಕರೆ ನಿಂದು ಕಣೋ. ಮುಂದಿನ ವಸಂತಕ್ಕೆ ಬರ್ಕೊಡ್ತೀನಿ. ಆ ದೋಣಿ ಸುಟ್ಟುಹಾಕು" ಅಂದ.

ಮರ ಅನ್ನುವುದೇ ಕಾಣದ ಸೀಮೆಯಲ್ಲಿ ಒಳ್ಳೆ ಹಲಗೆ ಸುಡುವ ಮನಸ್ಸು ಯಾರಿಗೆ ಬರುತ್ತದೆ? ಓಬೆಡ್ ಅದನ್ನು ಕೊಟ್ಟಿಗೆಗೆ ಎಳೆದು ಹೇಸರಗತ್ತೆಗೆ ಗೋದಲಿ ಮಾಡಿಕೊಂಡ.

ಒಂಬತ್ತು ವಸಂತ ಬಂದು ಹೋದವು. ಓಬೆಡ್ ಆ ಒರತೆಯ ಪಕ್ಕ ಮನೆ ಕಟ್ಟಿದ, ಲವೀನಿಯಾಳನ್ನು ಮದುವೆಯಾದ, ಆಲೂಗಡ್ಡೆ ಹಾಕಿದ. ಕಾಗದ ಬರಲಿಲ್ಲ. ಲವೀನಿಯಾ ಕಿಟಕಿಗೆ ಗೋಣಿ ಕಟ್ಟಿದಳು.

"ಗಾಜು ಹಾಕಿಸೋಣ್ವಾ?" ಅಂದರೆ, "ಎಬ್ಬಿಸಿದ ದಿನ ಗಾಜನ್ನ ಕಿತ್ಕೊಂಡು ಹೋಗೋಕಾಗಲ್ಲ, ಗೋಣಿಯಾದ್ರೆ ಮಡಚ್ಕೊಂಡು ಹೋಗ್ಬೋದು" ಅನ್ನುತ್ತಿದ್ದಳು.

ಓಬೆಡ್‌ಗೂ ಕರ್ನಲ್ಲನ ರೋಗ ಹತ್ತಿತು. ಕೂತರೆ ಏಳುವುದು, ಎದ್ದರೆ ಬೇಲಿ ಸುತ್ತುವುದು. ದೂರದಲ್ಲಿ ಯಾವ ಸವಾರನ ದೂಳೆದ್ದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಅದು ತನ್ನ ಕಡೆಗೋ ಬೇರೆ ಕಡೆಗೋ ಎಂದು ನಿಂತು ನೋಡುವುದು. ಐದು ನಿಮಿಷದಲ್ಲಿ ಮುಗಿಯುವ ಊಟವನ್ನು ಮೂರು ಸಲ ಎದ್ದು ಉಣ್ಣುತ್ತಿದ್ದ.

ಅಷ್ಟರಲ್ಲಿ ನಲವತ್ತು ಸಂಸಾರ ಆ ಹುಲ್ಲುಗಾವಲಿಗೆ ಬಂದು ಗುಡಿಸಲು ಹಾಕಿದ್ದವು. ಕರ್ನಲ್ಲನ ದನಗಾಹಿಗಳು ಬೇಲಿ ಕಿತ್ತರು, ಬಾವಿಗೆ ಮಣ್ಣು ತುಂಬಿದರು. ಸಂಸಾರಗಳು ಮತ್ತೆ ಬೇಲಿ ಹಾಕಿದವು, ಮತ್ತೆ ಬಾವಿ ತೋಡಿದವು. ಅರ್ಜಿಯ ಮೇಲೆ ಅರ್ಜಿ ಬರೆದವು. ಕೊನೆಗೆ 1887ರ ಜುಲೈಯಲ್ಲಿ ವಾಷಿಂಗ್ಟನ್ನಿನಿಂದ ಒಬ್ಬ ಅಧಿಕಾರಿ ಡ್ರೈ ಫೋರ್ಕಿಗೆ ಬಂದು, ಶಾಲೆಯಲ್ಲಿ ವಿಚಾರಣೆಗೆ ಕೂತ. ಪ್ರಮಾಣ ಮಾಡಿದ ದಿನ ನೆಲ ಒಣಗಿತ್ತು ಎಂದು ಸಾಬೀತಾದರೆ ಕರ್ನಲ್ಲನ ಹಕ್ಕು ರದ್ದು, ಉಳುವವರಿಗೆ ನೆಲ. ಆಗ ಒರತೆ ಪಕ್ಕದ ನೂರರವತ್ತು ಎಕರೆಯನ್ನು ಓಬೆಡ್ ತನ್ನ ಹೆಸರಿಗೇ ಬರೆಸಬಹುದು. ಸಾಬೀತಾಗದಿದ್ದರೆ ಎಲ್ಲರೂ ಗಂಟು ಕಟ್ಟಬೇಕು, ಓಬೆಡ್ ಕೂಡ.

ಪ್ರಮಾಣಪತ್ರದಲ್ಲಿ ಇದ್ದದ್ದು ಅವನೊಬ್ಬನ ರುಜು. ಅದು ಮೋಸ ಎಂದು ಅವನು ಹೇಳಿದರೆ, ಗೊತ್ತಿದ್ದೂ ಮೋಸಕ್ಕೆ ರುಜು ಹಾಕಿದವನು ಎಂದು ಮೊದಲು ಜೈಲಿಗೆ ಹೋಗುವವನೂ ಅವನೇ. ಜೈಲಿಗೆ ಹೋದವನಿಗೆ ಯಾವ ಅಧಿಕಾರಿ ನೆಲ ಬರೆದುಕೊಡುತ್ತಾನೆ?

ವಿಚಾರಣೆಗೆ ಮುಂಚಿನ ದಿನ ಕರ್ನಲ್ ಬಂದ. ಕುದುರೆಯಿಂದ ಇಳಿದು, ಅದಕ್ಕೆ ಒರತೆಯಲ್ಲಿ ನೀರು ಕುಡಿಸಿ, ಆಮೇಲೆ ಮಾತಾಡಿಸಿದ.

"ನಾಳೆ ಏನು ಹೇಳ್ತೀಯ?"

"ಕಂಡಿದ್ದು ಹೇಳ್ತೀನಿ ಕರ್ನಲ್."

"ಏನು ಕಂಡೆ?"

"ನೀವು ದೋಣೀಲಿ ಕೂತಿದ್ದು."

"ಜಾಣ! ಅಷ್ಟು ಸಾಕು. ಮುಂದಿನ ವಸಂತಕ್ಕೆ ಈ ನೆಲ..."

"ಯಾವ ವರ್ಷದ ವಸಂತ, ಕರ್ನಲ್?" ಎಂದು ಲವೀನಿಯಾ ಒಳಗಿನಿಂದಲೇ ಕೇಳಿದಳು.

ಕರ್ನಲ್ ನಕ್ಕ. "ನಿನ್ನ ಹೆಂಡ್ತಿ ಸೆನೆಟಿಗೆ ನಿಂತ್ರೆ ನನ್ನ ಗತಿ ಮುಗೀತು ಕಣೋ." ಕುದುರೆ ಏರಿ, ಏರಿದ ಮೇಲೆ ಒಂದು ಮಾತು ಸೇರಿಸಿದ. "ಜೈಲಲ್ಲಿ ಹೇಸರಗತ್ತೆ ಇರಲ್ಲ ಓಬೆಡ್. ನಿಂಗೆ ಬೇಜಾರಾಗುತ್ತೆ."

ಅವನು ಹೋದ ಮೇಲೆ ಓಬೆಡ್ ಬೇಲಿ ಸುತ್ತಲು ಹೊರಟ. ಲವೀನಿಯಾ ಬಾಗಿಲಿಗೆ ಅಡ್ಡ ನಿಂತಳು.

"ಅವನಿಗೋಸ್ಕರ ಪುಸ್ತಕ ಕದ್ದೆ, ರುಜು ಹಾಕ್ದೆ. ನಮಗೋಸ್ಕರ ಏನಾದ್ರೂ ಒಂದು ಮಾಡೋಕೆ ಬರುತ್ತಾ ನಿಂಗೆ?"

"ನಿಜ ಹೇಳಿದ್ರೆ ಜೈಲು ಕಣೇ."

"ನಿಜ ಹೇಳು ಅಂತ ಯಾರಂದ್ರು? ಅವನ ಜೊತೆ ಹದಿನೇಳು ವರ್ಷ ಇದ್ದೀಯ. ಏನು ಕಲ್ತೆ ಹೇಳು."

ಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಸಾರದವರು ಒಂದು ಕಡೆ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದರು. ಇನ್ನೊಂದು ಕಡೆ ಕರ್ನಲ್ಲನ ದನಗಾಹಿಗಳು. ಹತ್ತು ಜನ ಎದ್ದು, ಆ ವರ್ಷ ಕಣಿವೆ ತುಂಬ ನೀರು, ಬಾತುಕೋಳಿ, ಕಪ್ಪೆ ಎಂದು ಹೇಳಿ ಕೂತರು. ಸಂಸಾರದವರ ವಕೀಲ ಪೆಟಿಗ್ರು ಪೋರ್ಟ್‌ಲ್ಯಾಂಡ್ ಪಟ್ಟಣದಿಂದ ಬಂದವನು. ಸವಳು ದೂಳಿಗೆ ಮೂಗು ಸೋರಿ ಕರವಸ್ತ್ರ ಹಿಡಿದೇ ಮಾತಾಡುತ್ತಿದ್ದ. ಕರ್ನಲ್‌ಗೆ ಅಧಿಕಾರಿಯ ಪಕ್ಕದಲ್ಲೇ ಕುರ್ಚಿ ಹಾಕಿದ್ದರು. ಅವನು ಅದರಲ್ಲಿ ಹ್ಯಾಟು ಇಟ್ಟು, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುತ್ತಿದ್ದ.

ಓಬೆಡ್ ಎದ್ದು ನಿಂತ.

"ಕರ್ನಲ್ ಸ್ಟ್ರೌಡ್ ಆ ನೆಲವನ್ನು ದೋಣಿಯಲ್ಲಿ ದಾಟಿದ್ದನ್ನು ಕಂಡಿರಾ?" ಎಂದು ಪೆಟಿಗ್ರು ಕೇಳಿದ.

"ಕಂಡೆ."

"ದೋಣಿಯ ಒಳಗೆ ಕೂತಿದ್ದರಾ?"

"ಒಳಗೇ ಕೂತಿದ್ರು. ಹುಟ್ಟು ಇತ್ತು."

ದನಗಾಹಿಗಳು ನಕ್ಕರು. ಸಂಸಾರದವರ ಬೆಂಚಿನಿಂದ ಯಾರೋ "ಥೂ" ಅಂದರು. ಪೆಟಿಗ್ರು ಮೂಗು ಒರೆಸಿಕೊಂಡ. ಅವನ ಹತ್ತಿರ ಮುಂದಿನ ಪ್ರಶ್ನೆ ಇದ್ದಂತೆ ಕಾಣಲಿಲ್ಲ.

ಅಷ್ಟರಲ್ಲಿ ಕರ್ನಲ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ. "ಲೇ ಯಾರೋ ಅದು! ಆ ಬೂದು ಕುದುರೇನ ಬಿಸಿಲಲ್ಲಿ ಕಟ್ಟಿದೀರಲ್ಲೋ! ಅದಕ್ಕೆ ನೀರು ತೋರಿಸ್ರೋ, ನಾಯಿಗಳಾ!"

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಕಾದ. ಓಬೆಡ್ ಕರ್ನಲ್ಲನ ಬೆನ್ನನ್ನೇ ನೋಡಿದ. ಹದಿನೇಳು ವರ್ಷ ಆ ಬೆನ್ನ ಹಿಂದೆ ಬಂಡಿ ಹೊಡೆದಿದ್ದ. ಕಳ್ಳ ಅಂದರೆ ನಗುವ ಬೆನ್ನು. ಎರಡು ಹೆಂಡಿರವನು ಅಂದರೂ ನಗುವ ಬೆನ್ನು.

"ಮತ್ತೇನಾದರೂ ಹೇಳುವುದಿದೆಯೇ?" ಎಂದು ಪೆಟಿಗ್ರು ಕೂರುತ್ತ ಕೇಳಿದ.

"ಒಂದಿದೆ" ಅಂದ ಓಬೆಡ್. ಅವನ ಕೈ ಹ್ಯಾಟಿನ ಅಂಚನ್ನು ಸುತ್ತುತ್ತಲೇ ಇತ್ತು. "ಅವತ್ತು ನಮ್ಮ ಜೊತೆ ನಾಲ್ಕು ಹೇಸರಗತ್ತೆ ಹೋಗಿದ್ವು. ಮೂರು ವಾಪಸ್ ಬಂದ್ವು. ಕೆಂಪು ಹೆಣ್ಣು, ಜೆನ್ನಿ ಅಂತ, ದಾರೀಲೇ ಬಿತ್ತು. ಬಾಯಾರಿ ಸತ್ತೋಯ್ತು. ಕರ್ನಲ್‌ಗೆ ಅವಸರ ಇತ್ತು. ಪಾಪ, ನೀರಿನ ಬಗ್ಗೆ ಯೋಚ್ನೆ ಮಾಡ್ಲಿಲ್ಲ."

ಕರ್ನಲ್ ತಿರುಗಿದ. ಅವನ ಮುಖ ಹಸಿ ಮಾಂಸದ ಬಣ್ಣಕ್ಕೆ ಬಂದಿತ್ತು.

"ಏನಂದೆ?"

"ಬಾಯಾರಿ ಸತ್ತೋಯ್ತು ಅಂದೆ, ಕರ್ನಲ್."

"ಬಾಯಾರಿ? ನನ್ನ ಪ್ರಾಣಿ?" ಕರ್ನಲ್ಲನ ವಕೀಲ ಕೋಟು ಹಿಡಿದು ಎಳೆದ. ಕರ್ನಲ್ ಕೊಡವಿಕೊಂಡ. "ಲೋ ಹಲ್ಕಾ, ಎರಡು ಪೀಪಾಯಿ ನೀರು ಹಾಕಿದ್ದೆ ಕಣೋ! ನನ್ನ ಕೈಯಾರೆ, ದೋಣಿಯ ಆ ಪಕ್ಕ ಒಂದು, ಈ ಪಕ್ಕ ಒಂದು! ಮೈಲಿಗೊಂದು ಸಲ ನಿಲ್ಲಿಸಿ ನಾಲ್ಕಕ್ಕೂ ಬಕೆಟ್ ಹಿಡಿಸಿದವನು ನಾನು! ಹದಿನೆಂಟು ಮೈಲಿ, ನೆಕ್ಕೋಕೆ ಒಂದು ತೊಟ್ಟು ನೀರಿಲ್ಲದ ನೆಲ! ಅಂಥಾ ಕಡೆಗೆ ನೀರಿಲ್ಲದೆ ಹೇಸರಗತ್ತೆ ಹೊಡ್ಕೊಂಡು ಹೋಗೋಕೆ ನಾನೇನು ಪೋರ್ಟ್‌ಲ್ಯಾಂಡಿನವನಾ? ಅದು ಸತ್ತಿದ್ರೆ ಇನ್ನೇನೋ ಆಗಿ ಸತ್ತಿರ್ಬೇಕು, ಬಾಯಾರಿ ಅಲ್ಲ! ಬರ್ಕೊಳ್ರೀ ಅದನ್ನ! ಬರ್ಕೊಳ್ರೀ!"

ಅಧಿಕಾರಿ ಬರೆದುಕೊಂಡ. ನಿಧಾನವಾಗಿ, ಎಲ್ಲವನ್ನೂ ಬರೆದುಕೊಂಡ. ಮೊದಲು ನಕ್ಕವಳು ಯಾರೋ ಮುದುಕಿ. ಆಮೇಲೆ ಇಡೀ ಬೆಂಚು. ಆಮೇಲೆ, ತಡೆಯಲಾರದೆ, ದನಗಾಹಿಗಳು.

"ಜೌಗಿನಲ್ಲಿ ಹೇಸರಗತ್ತೆಗೆ ಕುಡಿಸಲು," ಪೆಟಿಗ್ರು ಕರವಸ್ತ್ರ ಮಡಚಿ ಜೇಬಿಗಿಟ್ಟ, "ಎರಡು ಪೀಪಾಯಿ ನೀರು. ಧನ್ಯವಾದ, ಕರ್ನಲ್."

ಕರ್ನಲ್ ಓಬೆಡ್‌ನನ್ನು ನೋಡಿದ. ಆಮೇಲೆ ಕುರ್ಚಿಯ ಮೇಲಿದ್ದ ಹ್ಯಾಟು ತೆಗೆದು, ಕೂತ.

ಓಬೆಡ್ ಸುಳ್ಳು ಹೇಳಿದ ಎಂದು ಹಿಡಿಯಲು ಕರ್ನಲ್ಲನ ವಕೀಲ ಎರಡು ದಿನ ಹಾರಾಡಿದ. ಆದರೆ ಹೇಸರಗತ್ತೆ ಬಾಯಾರಿ ಸಾಯಲಿಲ್ಲ ಎಂದು ತೋರಿಸಬೇಕಾದರೆ ಪೀಪಾಯಿಗಳ ಕತೆಯನ್ನು ತಾನೇ ಮತ್ತೆ ಎತ್ತಬೇಕಿತ್ತು. ಹಳೇ ರುಜುವಿಗೂ ಏನೂ ಆಗಲಿಲ್ಲ. ದೋಣಿಯಲ್ಲಿ ಕೂತದ್ದನ್ನು ಕಂಡೆ ಎಂದಷ್ಟೇ ಅದರಲ್ಲಿತ್ತು, ಓಬೆಡ್ ಕಂಡದ್ದೂ ಅಷ್ಟೇ.

ವಾಷಿಂಗ್ಟನ್ನಿನಲ್ಲಿ ಕಾಗದ ಮೇಜಿಂದ ಮೇಜಿಗೆ ಹೋಗುವಷ್ಟರಲ್ಲಿ ಒಂದು ವರ್ಷ ಆಯಿತು. ಆ ವರ್ಷದಲ್ಲಿ ಮೂರು ಸಂಸಾರ ಕಾಯಲಾರದೆ ಬಂಡಿ ಕಟ್ಟಿದವು. ಉಳಿದವರಿಗೆ ನೆಲ ಬಂತು. ಓಬೆಡ್‌ಗೂ ಕಾಗದ ಬಂತು. ಲವೀನಿಯಾ ಅದನ್ನು ಎರಡು ಸಲ ಓದಿಸಿ, ಬೆಳಕಿಗೆ ಹಿಡಿದು ನೋಡಿ, ಗೋಣಿ ಬಿಚ್ಚಿ ಗಾಜು ಹಾಕಿಸಿದಳು.

ಸ್ಟ್ರೌಡ್ ಮುಳುಗಿದ ಅಂತ ಎಲ್ಲರೂ ಅಂದುಕೊಂಡರು. ಅವನು 1888ರಲ್ಲಿ ಮತ್ತೆ ಸೆನೆಟಿಗೆ ನಿಂತ. ಜನ ಅವನನ್ನು ಅಡ್ಮಿರಲ್ ಎಂದು ಕರೆಯತೊಡಗಿದ್ದರು. ಸೈನ್ಯ ಕಾಣದವನಿಗೆ ಈಗ ನೌಕಾಪಡೆಯೂ ಸಿಕ್ಕಿತ್ತು. ಅವನು ಆ ಹೆಸರನ್ನೇ ಬ್ಯಾನರಿಗೆ ಬರೆಸಿದ.

ಅಕ್ಟೋಬರಿನ ಒಂದು ಬೆಳಿಗ್ಗೆ ಅವನು ಒರತೆಗೆ ಬಂದ. ಒಬ್ಬನೇ ಬಂದಿದ್ದ. ಕುದುರೆಗೆ ನೀರು ಕುಡಿಸಿದ.

"ದೋಣಿ ಸುಟ್ಯಾ?"

"ಇಲ್ಲ."

"ಗೊತ್ತಿತ್ತು. ನೀನು ಜಿಪುಣ. ನಂಗೆ ಬೇಕು ಅದು. ಶನಿವಾರ ಡ್ರೈ ಫೋರ್ಕಲ್ಲಿ ಮೆರವಣಿಗೆ. ಬಂಡಿ ಮೇಲೆ ಕಟ್ಟಿ, ಒಳಗೆ ಕೂತು ಹೋಗ್ತೀನಿ. ಎರಡು ಪಕ್ಕ ಎರಡು ಪೀಪಾಯಿ. ಜನ ನಕ್ಕು ನಕ್ಕು ಓಟು ಹಾಕ್ತಾರೆ."

"ಹಾಕ್ತಾರೆ" ಅಂದ ಓಬೆಡ್. ಅದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ನೆಲ ಗೆದ್ದ ಸಂಸಾರದವರಲ್ಲೇ ಅರ್ಧ ಜನ ಹಾಕುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು. "ಹಿತ್ತಲಲ್ಲಿದೆ. ಬನ್ನಿ."

ಹಿತ್ತಲಲ್ಲಿ ದೋಣಿ ಇತ್ತು. ದೋಣಿಯಲ್ಲಿ ಹುಲ್ಲಿತ್ತು. ಆ ಹುಲ್ಲನ್ನು ಮುದಿ ಕೆಂಪು ಹೇಸರಗತ್ತೆಯೊಂದು, ಒಂದು ಕಾಲು ಎತ್ತಿ ಹಿಡಿದು, ಯಾರ ಹಂಗೂ ಇಲ್ಲದೆ ಮೇಯುತ್ತಿತ್ತು.

ಕರ್ನಲ್ ಬೇಲಿಗೆ ಕೈಯಿಟ್ಟು ನಿಂತ. ಅದರ ಕಿವಿ, ಬೆನ್ನು, ತೊಡೆಯ ಮೇಲಿನ ತನ್ನದೇ ಮುದ್ರೆ ನೋಡಿದ.

"ಜೆನ್ನಿ."

"ಹೌದು."

"ಸತ್ತಿದ್ದಳಲ್ಲೋ."

"ಕಾಲು ಕುಂಟಾಯ್ತು ಅಂತ ನಿಮ್ಮ ಮೇಸ್ತ್ರಿ ಗುಂಡು ಹೊಡೆಯೋಕೆ ಹೊರಟಿದ್ದ. ಎಂಟು ವರ್ಷದ ಹಿಂದೆ ಕೇಳಿ ತಗೊಂಡೆ."

ಕರ್ನಲ್ಲನ ದವಡೆ ಆಡಿತು. ಬೈಗುಳ ಬರುತ್ತದೆ ಎಂದು ಓಬೆಡ್ ಕಾದ. ಬರಲಿಲ್ಲ.

"ಚೆನ್ನಾಗಿ ಸಾಕಿದೀಯ" ಅಂದ ಕರ್ನಲ್, ಹಲ್ಲು ಕಚ್ಚಿಕೊಂಡೇ. "ಸರಿ, ಅದನ್ನ ಆಚೆ ಹೊಡಿ. ದೋಣಿ ಎತ್ತೋಣ."

"ಮೇಯ್ತಿದೆ, ಕರ್ನಲ್."

ಮೇಯುವ ಪ್ರಾಣಿಯನ್ನು ಎಬ್ಬಿಸಿದ ಕಾರಣಕ್ಕೆ ಕರ್ನಲ್ ಎಷ್ಟು ಜನರ ಕೆಲಸ ಕಿತ್ತಿದ್ದ ಅನ್ನುವುದನ್ನು ಇಬ್ಬರೂ ಲೆಕ್ಕ ಹಾಕಬಲ್ಲವರಾಗಿದ್ದರು.

"ಮುಗಿಸಲಿ" ಅಂದ ಕೊನೆಗೆ.

ಜೆನ್ನಿಗೆ ಹಲ್ಲು ಸವೆದಿದ್ದವು. ಒಂದು ಎಸಳನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿ, ನಿಂತು, ಏನನ್ನೋ ನೆನೆಸಿಕೊಂಡಂತೆ ಮಾಡಿ, ಮತ್ತೆ ಹೊರಳಿಸುತ್ತಿತ್ತು. ಕರ್ನಲ್ ಬೇಲಿಯ ಈ ಕಂಬದಿಂದ ಆ ಕಂಬಕ್ಕೆ ನಡೆದ. ಗಡಿಯಾರ ತೆಗೆದು ನೋಡಿದ. ಮತ್ತೆ ನಡೆದ. ಡ್ರೈ ಫೋರ್ಕಿನಲ್ಲಿ ಮೆರವಣಿಗೆಯ ತಾಲೀಮಿಗೆ ಬ್ಯಾಂಡಿನವರು ಅವನಿಗಾಗಿ ಕಾಯುತ್ತಿದ್ದರು.

ದೋಣಿಯ ತಳ ಇನ್ನೇನು ಕಾಣುವಂತಾಯಿತು. ಗಾಜಿನ ಕಿಟಕಿ ತೆರೆಯಿತು.

"ಓಬೆಡ್," ಅಂದಳು ಲವೀನಿಯಾ, "ಆ ಹುಲ್ಲು ಎಲ್ಲಿಗೆ ಸಾಲುತ್ತೆ? ಇನ್ನೊಂದು ಕಟ್ಟು ಹಾಕು."

ಓಬೆಡ್ ಹುಲ್ಲಿನ ಮೆದೆಯ ಕಡೆಗೆ ಹೊರಟ. ಅವನಿಗೆ ಯಾವ ಅವಸರವೂ ಇರಲಿಲ್ಲ.